ವಿಮಾನ ದುರಂತದ ಕಾರಣ: ವರದಿಗೆ ಮೊದಲೇ ತೀರ್ಪು ಕೊಡಬಹುದೇ?

ಪ್ರಶ್ನೆ: ನನ್ನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅಹಮದಾಬಾದಿನ ವಿಮಾನ ದುರಂತದ ಕಾರಣದ ಬಗ್ಗೆ ಜಾಲತಾಣಗಳಲ್ಲಿ ಬರುವುದನ್ನೆಲ್ಲ ನೋಡುತ್ತಾನೆ, ತಾನೂ ಬರೆಯುತ್ತಾನೆ. ತನಿಖೆ ಮುಗಿಯುವ ತನಕ ಸುಮ್ಮನಿರು ಎಂದರೆ, ಜನ ಮಾತಾಡದಿದ್ದರೆ ಸತ್ಯ ಮುಚ್ಚಿಹೋಗುತ್ತದೆ ಎನ್ನುತ್ತಾನೆ. ಯಾರ ಮಾತು ಸರಿ?
– ಓದುಗರೊಬ್ಬರು, ಪುತ್ತೂರು

ಉತ್ತರ: ಜನ ಮಾತಾಡಬೇಕು ಎಂಬ ನಿಮ್ಮ ಮಗನ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಕಾರಣ ತನಗೆ ಗೊತ್ತಾಗಿದೆ ಎಂದು ಬರೆಯುವುದನ್ನು, ಅದರಲ್ಲೂ ಸತ್ತವರೊಬ್ಬರ ಹೆಸರು ಹಿಡಿದು ಬರೆಯುವುದನ್ನು ಒಪ್ಪಲಾರೆ.

ನಿಮ್ಮ ಜಿಲ್ಲೆಯ ದುರಂತವನ್ನೇ ನೋಡಿ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ತೀರಿಕೊಂಡರು. ಗುಡ್ಡದ ಮೇಲಿನ ರನ್‌ವೇ ಸಾಲದಾಯಿತು ಎಂಬ ವಿವರಣೆ ಕೂಡಲೇ ಹಬ್ಬಿತು. ಕಣ್ಣಿಗೆ ಕಾಣುತ್ತಿದ್ದುದು ಅದೊಂದೇ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಕಂಡುಕೊಂಡದ್ದು ಬೇರೆಯೇ. ಪ್ರಯಾಣದ ವೇಳೆ ಕ್ಯಾಪ್ಟನ್ ಬಹಳ ಹೊತ್ತು ನಿದ್ರಿಸಿದ್ದರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಗೊರಕೆ ದಾಖಲಾಗಿತ್ತು. ಸುಮಾರು 50 ಅಡಿ ಎತ್ತರದಲ್ಲಿ ರನ್‌ವೇಯ ಅಂಚು ದಾಟಬೇಕಿದ್ದ ವಿಮಾನ 200 ಅಡಿ ಎತ್ತರದಲ್ಲಿ ದಾಟಿತು, 8,033 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು. ನೆಲ ಮುಟ್ಟಿದೊಡನೆ ಪೂರ್ತಿ ಬ್ರೇಕ್ ಹಾಕಿದ್ದರೆ ಆಗಲೂ ವಿಮಾನ ನಿಲ್ಲಬಹುದಿತ್ತು ಎಂದಿತು ವರದಿ. ಈ ಒಂದೊಂದು ವಿವರವೂ ಬ್ಲ್ಯಾಕ್ ಬಾಕ್ಸ್‌ನಿಂದ, ತಿಂಗಳುಗಟ್ಟಲೆಯ ಪರಿಶೀಲನೆಯಿಂದ ಸಿಕ್ಕಿದ್ದೇ ಹೊರತು ಊಹೆಯಿಂದಲ್ಲ.

ಅಹಮದಾಬಾದಿನಲ್ಲಿಯೂ ಹೀಗೇ ಆಯಿತು. 2025ರ ಜೂನ್ 12ರಂದು ಏರ್ ಇಂಡಿಯಾ ವಿಮಾನ ಬಿದ್ದ ಮೊದಲ ದಿನಗಳಲ್ಲಿಯೇ, ಚಕ್ರಗಳನ್ನು ಮಡಚುವ ಬದಲು ಪೈಲಟ್‌ಗಳು ಮೇಲೇರಲು ನೆರವಾಗುವ ರೆಕ್ಕೆಯ ಫ್ಲ್ಯಾಪ್ ಮಡಚಿಬಿಟ್ಟರು ಎಂಬ ವಿಡಿಯೊಗಳು ಹರಿದಾಡಿದವು. ತಿಂಗಳ ನಂತರ ಬಂದ ಪ್ರಾಥಮಿಕ ವರದಿಯ ಪ್ರಕಾರ, ಫ್ಲ್ಯಾಪ್‌ನ ಹಿಡಿ ಟೇಕಾಫ್‌ಗೆ ಇರಬೇಕಾದ 5 ಡಿಗ್ರಿಯಲ್ಲಿಯೇ ಇತ್ತು. ತಮ್ಮನ್ನು ಸಮರ್ಥಿಸಿಕೊಳ್ಳಲು ಬದುಕಿರದ ಆ ಇಬ್ಬರು ಪೈಲಟ್‌ಗಳ ಮೇಲೆ ಒಂದು ತಿಂಗಳು ಆ ಆರೋಪ ಉಳಿಯಿತು, ಅವರ ಮನೆಯವರು ಅದನ್ನು ಕೇಳಿಸಿಕೊಂಡು ಬದುಕಿದರು. ಇದು ಸಣ್ಣ ಅನ್ಯಾಯವಲ್ಲ.

ತನಿಖಾ ಸಂಸ್ಥೆಯದೂ ಏನೂ ತಪ್ಪಿಲ್ಲ ಎಂದು ನಾನು ಹೇಳಲಾರೆ. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಬಂದವು, ಏಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದರು, ತಾನು ಮಾಡಿಲ್ಲ ಎಂದು ಇನ್ನೊಬ್ಬರು ಉತ್ತರಿಸಿದರು ಎಂದಷ್ಟೇ ಹೇಳಿ, ಯಾರ ಮಾತು ಯಾವುದು ಎಂಬುದನ್ನು ವರದಿ ತಿಳಿಸಲಿಲ್ಲ. ಅಷ್ಟು ಹೇಳಿ ಅಲ್ಲಿಗೇ ನಿಲ್ಲಿಸಿದ್ದರಿಂದ ಉಳಿದ ಜಾಗವನ್ನು ಊಹೆ ತುಂಬಿತು. ವಿಮಾನ ಅಪಘಾತಗಳ ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದೇ ಹೊರತು ತಪ್ಪಿತಸ್ಥರನ್ನು ಗುರುತಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ಆ ಉದ್ದೇಶಕ್ಕೆ ಇಂಥ ಅರೆಬರೆ ಮಾಹಿತಿ ನೆರವಾಗುವುದಿಲ್ಲ.

ನಿಮ್ಮ ಮಗ ಬರೆಯುವುದನ್ನು ನಿಲ್ಲಿಸಬೇಕಿಲ್ಲ. ಆ ಇಂಧನ ಸ್ವಿಚ್ಚನ್ನು ಮೇಲಕ್ಕೆತ್ತಿಯೇ ಸರಿಸಬೇಕು, ಕೈ ತಾಗಿದ ಮಾತ್ರಕ್ಕೆ ಅದು ಜರುಗದಂತೆ ಬೀಗದಂಥ ವ್ಯವಸ್ಥೆಯಿದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಆ ವ್ಯವಸ್ಥೆಯನ್ನು ಪರಿಶೀಲಿಸಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ 2018ರಲ್ಲಿ ಕೊಟ್ಟ ಸಲಹೆ ಕಡ್ಡಾಯವಲ್ಲದ ಕಾರಣ ಏರ್ ಇಂಡಿಯಾ ಆ ತಪಾಸಣೆ ನಡೆಸಿರಲಿಲ್ಲ ಎಂದು ಪ್ರಾಥಮಿಕ ವರದಿಯಲ್ಲಿಯೇ ಇದೆ. ಅದು ಏಕೆ ಕಡ್ಡಾಯವಾಗಲಿಲ್ಲ ಎಂದು ಕೇಳಲಿ. ಈ ಪ್ರಶ್ನೆ ಯಾರನ್ನೂ ಅಪರಾಧಿಯಾಗಿಸುವುದಿಲ್ಲ.

ಅದಕ್ಕಿಂತ ಮುಖ್ಯವಾಗಿ, ಅಂತಿಮ ವರದಿ ಬಂದಾಗ ಅದನ್ನು ಓದಲಿ. ಹೆಚ್ಚಿನವರ ಆಸಕ್ತಿ ಅಷ್ಟರಲ್ಲಿ ತಣಿದಿರುತ್ತದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ಮಂಗಳೂರಿನ ದುರಂತವಾಗಿ ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದೇ ಇನ್ನೊಂದು ವಿಮಾನ ಗುಡ್ಡದ ಮೇಲಿನ ಕೋಯಿಕ್ಕೋಡ್ ರನ್‌ವೇಯನ್ನು ದಾಟಿ ಕೆಳಕ್ಕೆ ಬಿತ್ತು. ಅಲ್ಲಿಯೂ ಸಹ ಪೈಲಟ್ ಮೇಲೇರೋಣ ಎಂದಿದ್ದರು, ಅಲ್ಲಿಯೂ ಕ್ಯಾಪ್ಟನ್ ಇಳಿಸಿದ್ದರು. ಮಂಗಳೂರಿನ ವರದಿಯ ಶಿಫಾರಸುಗಳಲ್ಲಿ ಎಷ್ಟು ಜಾರಿಯಾಗಿವೆ ಎಂದು ಆ ಹತ್ತು ವರ್ಷ ಕೇಳುತ್ತಲೇ ಇರಬೇಕಾದವರು ನಾವಾಗಿದ್ದೆವು.