ಬೀದಿಯ ಮರಿಗಳನ್ನೆಲ್ಲ ಮನೆಗೆ ತರಬಹುದೇ?

ಮಹಾನಗರದ ಬಾಡಿಗೆ ಮನೆಯೊಂದರ ಕೋಣೆಯಲ್ಲಿ ಬೀದಿಯ ಎಷ್ಟು ನಾಯಿಮರಿ, ಬೆಕ್ಕಿನಮರಿಗಳನ್ನು ಇಟ್ಟುಕೊಳ್ಳಬಹುದು ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದವನೇ. ಕಟ್ಟಡ ಕೆಲಸ ನಡೆಯುತ್ತಿದ್ದ ಜಾಗದಿಂದ ತಂದ ಮೂರು ನಾಯಿಮರಿಗಳು ಆಗಲೇ ಮನೆಯಲ್ಲಿದ್ದವು. ಮಳೆಯಲ್ಲಿ ನೆನೆಯುತ್ತಿದ್ದ ಇನ್ನೊಂದು ಕಣ್ಣಿಗೆ ಬಿದ್ದಾಗ ಅದನ್ನೂ ಎತ್ತಿ ತಂದು, ಮೈ ಒರೆಸಿ, ಅವುಗಳ ಜೊತೆಗೇ ಬಿಟ್ಟೆ.

ಅದನ್ನು ಬೇರೆ ಇಡಬೇಕಿತ್ತು. ಬಾಲ ಅಲ್ಲಾಡಿಸುತ್ತ ಹೊಟ್ಟೆ ತುಂಬ ತಿಂದ ಮರಿಗೆ ಕಾಯಿಲೆ ಇರಲಾರದು ಎಂದುಕೊಂಡೆ. ಆದರೆ ನಾಯಿಮರಿಗಳ ಕರುಳಿಗೆ ತಗುಲಿ ಪ್ರಾಣ ತೆಗೆಯಬಲ್ಲ ಪಾರ್ವೊ ಎಂಬ ವೈರಾಣು ಮೈ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಕೆಲವು ದಿನಗಳು, ಒಮ್ಮೊಮ್ಮೆ ಎರಡು ವಾರಗಳೂ ಹಿಡಿಯುತ್ತವೆ. ಅದಕ್ಕೂ ಮೊದಲೇ ಮಲದೊಂದಿಗೆ ಅದು ಹೊರಬೀಳುತ್ತಿರುತ್ತದೆ. ವಾಂತಿ ಶುರುವಾಗಿ, ರಕ್ತ ಬೆರೆತ ಭೇದಿಯ ದುರ್ವಾಸನೆ ಕೋಣೆಯನ್ನೆಲ್ಲ ತುಂಬುವ ಹೊತ್ತಿಗೆ ನಾಲ್ಕಕ್ಕೂ ಸೋಂಕು ತಗುಲಿಯಾಗಿತ್ತು. ಒಂದು ಮಾತ್ರ ಉಳಿಯಿತು. ಪ್ರತಿದಿನ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದೆ, ಆದರೆ ಈ ವೈರಾಣು ಅದಕ್ಕೆ ಜಗ್ಗುವುದಿಲ್ಲ. ಹೊಲಸನ್ನು ಪೂರ್ತಿ ತೊಳೆದು, 1 ಪಾಲು ಬ್ಲೀಚ್ ದ್ರಾವಣವನ್ನು 30 ಪಾಲು ನೀರಿಗೆ ಬೆರೆಸಿ, ನೆಲ ಕನಿಷ್ಠ 10 ನಿಮಿಷ ಅದರಲ್ಲಿ ಒದ್ದೆಯಾಗಿರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ವೈರಾಣು ತಿಂಗಳುಗಟ್ಟಲೆ ಅಲ್ಲೇ ಉಳಿದು, ಮುಂದೆ ಬರುವ ಮರಿಗೂ ಕಾದಿರುತ್ತದೆ. ಹೊಸ ಮರಿಯನ್ನು ಎರಡು ವಾರ ಪ್ರತ್ಯೇಕವಾಗಿಡಲು ಇನ್ನೊಂದು ಕೋಣೆ ನಿಮಗಿದೆಯೇ? ಇಲ್ಲವಾದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸೊನ್ನೆ.

ಅಷ್ಟಕ್ಕೂ, ಎಷ್ಟನ್ನು ಮನೆಗೆ ತರಬಹುದು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಎರಡು ಮರಿಗಳನ್ನು ಒಳಗೆ ತಂದರೆ, ಹೊರಗಿರುವ ತಾಯಿ ಮತ್ತೆ ಗಬ್ಬವಾಗಿ ಸುಮಾರು 63 ದಿನಗಳಲ್ಲಿ ಇನ್ನಷ್ಟು ಮರಿ ಹಾಕುತ್ತದೆ. ಬೆಕ್ಕಿನದಂತೂ ಇನ್ನೂ ಅವಸರ; ಹುಟ್ಟಿದ ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು. ಆದ್ದರಿಂದ ನಿಮ್ಮ ಹಣ ಮತ್ತು ಸಮಯವನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೂ ರೇಬೀಸ್ ಲಸಿಕೆಗೂ ಇಡಿ. ಚೇತರಿಸಿಕೊಂಡ ಪ್ರಾಣಿಯನ್ನು ಹಿಡಿದ ಬೀದಿಗೇ ತಂದು ಬಿಡಬೇಕು. ಬೇರೆಡೆ ಬಿಟ್ಟರೆ ಅದು ಅಲ್ಲಿನ ನಾಯಿಗಳಿಂದ ಕಚ್ಚಿಸಿಕೊಳ್ಳುತ್ತದೆ, ಇಲ್ಲಿ ತೆರವಾದ ಜಾಗಕ್ಕೆ ಸಂತಾನಹರಣವಾಗದ ಇನ್ನೊಂದು ಬಂದು ಸೇರುತ್ತದೆ. ಕಿವಿಯ ತುದಿ ಕತ್ತರಿಸಿದ್ದರೆ ಸಾಮಾನ್ಯವಾಗಿ ಸಂತಾನಹರಣ ಆಗಲೇ ಆಗಿದೆ ಎಂದರ್ಥ. ಅದನ್ನು ನೋಡದೆ ಹಿಡಿಯಹೋಗಬೇಡಿ.

ಊಟ ಹಾಕುವುದು ತಪ್ಪಲ್ಲ, ಆದರೆ ದಿನವೂ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ಹಾಕಿ. ನಿಮ್ಮ ಕೈಗೆ ಪಳಗಿದ ನಾಯಿಯನ್ನು ಬಲೆಯಿಲ್ಲದೆ ಹಿಡಿಯಬಹುದು, ಈ ಕೆಲಸದಲ್ಲಿ ನಿಜವಾದ ಕಷ್ಟವಿರುವುದೇ ಹಿಡಿಯುವುದರಲ್ಲಿ. ಅದಕ್ಕೆ ಮೊದಲು ನೀವೂ ವೈದ್ಯರನ್ನು ಕಂಡು ರೇಬೀಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಿ. ಹಾಗಿದ್ದೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.