ಆಕೆ ಏಳನೆಯ ಮಹಡಿಗೆ ಬಂದದ್ದು ಹೇಗೆ?

ನಮಸ್ಕಾರ.

ನೀವು ಕಳುಹಿಸಿದ ‘ಹನ್ನೆರಡು ಮಹಡಿಗಳ ರಾತ್ರಿ’ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳಗಳಿಂದ ಕಥೆ ಕಟ್ಟುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಿಗೆಂದು ನಾವು ಸಿದ್ಧಪಡಿಸುತ್ತಿರುವ ಆಧುನಿಕ ನಗರದ ಕಟ್ಟಡಗಳ ಸಂಕಲನಕ್ಕೆ ಬಂದ ಬರಹಗಳಲ್ಲಿ, ಓದಿ ಮುಗಿಸಿದ ಮೇಲೂ ನನ್ನನ್ನು ಕಾಡಿದ್ದು ಇದೊಂದೇ. ಭಾಷೆ ಸ್ವಚ್ಛವಾಗಿದೆ, ನಕ್ಷೆಗಳನ್ನು ಶ್ರದ್ಧೆಯಿಂದ ಬಿಡಿಸಿದ್ದೀರಿ. ಏಳನೆಯ ಮಹಡಿಯಲ್ಲಿ ಎದುರಾಗುವ ಸ್ವಚ್ಛತಾ ಕೆಲಸದ ಮಹಿಳೆ, ತಳ್ಳುಗಾಡಿಯ ಹಿಡಿಯನ್ನು ಬಿಡದೆ, ಆಟಗಾರರ ಪಾತ್ರಗಳನ್ನು ದಿಟ್ಟಿಸಿ ‘ನೀವು ಈ ಮಹಡಿಯವರಲ್ಲ’ ಎನ್ನುತ್ತಾಳಲ್ಲ, ಅಲ್ಲಿ ನಾನು ಹಾಳೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ಸಿಟ್ಟು ಬಂತು. ಆಕೆ ಅಲ್ಲಿಗೆ ಬರಲು ನಿಮ್ಮ ಕಟ್ಟಡದಲ್ಲಿ ದಾರಿಯೇ ಇಲ್ಲ.

ಎರಡನೆಯ ಪುಟದ ನಿಮ್ಮ ಸಾಲುಗಳಿವು: ‘ಗಾಜಿನ ಮುಂಬಾಗಿಲೊಂದೇ ಒಳಹೋಗುವ ದಾರಿ. ಲಿಫ್ಟ್ ಕೆಟ್ಟಿದೆ. ನಡುವಿನ ಮೆಟ್ಟಿಲು ಹನ್ನೆರಡನೆಯ ಮಹಡಿಯವರೆಗೂ ಹೋಗುತ್ತದೆ.’ ಮೂರು ಪುಟ್ಟ ವಾಕ್ಯಗಳಲ್ಲಿ ಕಟ್ಟಡದ ಉಸಿರು ನಿಂತುಹೋಗಿದೆ.

‘ಗಾಜಿನ ಮುಂಬಾಗಿಲೊಂದೇ ಒಳಹೋಗುವ ದಾರಿ.’ ಹನ್ನೆರಡು ಮಹಡಿಗಳ ಕಚೇರಿಗೆ ಕಾಗದದ ಕಟ್ಟುಗಳು, ಹೊಸ ಕುರ್ಚಿಗಳು, ಕಂಪ್ಯೂಟರುಗಳು ಬರುತ್ತಲೇ ಇರುತ್ತವೆ. ಮುರಿದ ಕುರ್ಚಿ, ಹರಿದ ರಟ್ಟು, ಚೀಲಗಟ್ಟಲೆ ಕಸ ಹೊರಗೆ ಹೋಗುತ್ತಲೇ ಇರುತ್ತವೆ. ಇವೆಲ್ಲ ಸಂದರ್ಶಕರ ಸೋಫಾಗಳ ನಡುವೆ ಹಾದುಹೋಗುತ್ತವೆಯೇ? ಸಾಮಾನು ಇಳಿಸುವ ಕಟ್ಟೆಯೊಂದು, ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಇಳಿಜಾರೊಂದು, ತುರ್ತು ಮೆಟ್ಟಿಲು ಬಂದು ಮುಗಿಯುವ ಲೋಹದ ಬಾಗಿಲೊಂದು ಇರಲೇಬೇಕು. ನಿಮ್ಮ ಆಟಗಾರರಲ್ಲಿ ಒಬ್ಬರಾದರೂ ಮೊದಲ ಐದು ನಿಮಿಷದಲ್ಲಿ ‘ಕಟ್ಟಡದ ಹಿಂದೆ ಏನಿದೆ?’ ಎಂದು ಕೇಳುತ್ತಾರೆ. ನಿಮ್ಮ ಹಾಳೆಗಳನ್ನು ಹಿಡಿದು ಆಟ ನಡೆಸಲು ಕುಳಿತ ಗೇಮ್ ಮಾಸ್ಟರ್ ಆಗ ಏನೆಂದು ಉತ್ತರಿಸಬೇಕು? ನಿಮ್ಮ ನಕ್ಷೆಯಲ್ಲಿ ಹಿಂಬದಿಯ ಗೋಡೆ ಒಂದು ಉದ್ದನೆಯ ಕಪ್ಪು ಗೆರೆ, ಅಷ್ಟೆ.

‘ನಡುವಿನ ಮೆಟ್ಟಿಲು ಹನ್ನೆರಡನೆಯ ಮಹಡಿಯವರೆಗೂ ಹೋಗುತ್ತದೆ.’ ಇಷ್ಟು ದೊಡ್ಡ ಕಚೇರಿಗೆ ಒಂದೇ ಮೆಟ್ಟಿಲು ಕೊಟ್ಟಿದ್ದೀರಿ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿತ್ತು, ಹೊರಗೋಡೆಯ ತುರ್ತು ಏಣಿ ಜನರ ಭಾರ ತಾಳದೆ ಕುಸಿಯಿತು, 146 ಜನ ಸತ್ತರು. ಇಂದಿನ ತುರ್ತು ಬಾಗಿಲಿನ ಒಂದೊಂದು ಗುಣವೂ ಅಂಥ ಸಾವುಗಳಿಂದ ಬಂದದ್ದು. ಅದು ಹೊರಮುಖವಾಗಿ ತೆರೆಯುತ್ತದೆ, ಒಳಗಿನಿಂದ ತೆರೆಯಲು ಕೀಲಿ ಬೇಡ, ಅಡ್ಡಪಟ್ಟಿಯನ್ನು ಮೈಯಿಂದ ಒತ್ತಿದರೆ ಸಾಕು. ಮೆಟ್ಟಿಲಿನ ಕಡೆಯಿಂದ ಮತ್ತೆ ಮಹಡಿಯೊಳಗೆ ಬರುವುದು ಮಾತ್ರ ಅನೇಕ ಕಟ್ಟಡಗಳಲ್ಲಿ ಸಾಧ್ಯವಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಬೀಗ ಬೀಳುತ್ತದೆ. ಒಂಬತ್ತನೆಯ ಮಹಡಿಯಿಂದ ಓಡಿ ಮೆಟ್ಟಿಲಿಗೆ ಬಂದ ನಾಲ್ವರನ್ನು ಕಲ್ಪಿಸಿಕೊಳ್ಳಿ. ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಕೆಳಗಿನಿಂದ ಕಾವಲುಗಾರರ ಬೂಟಿನ ಸದ್ದು ಏರಿ ಬರುತ್ತಿದೆ. ಬಾಗಿಲಿಗೆ ಬೆಣೆ ಸಿಕ್ಕಿಸಿ ಬಂದವರು ಯಾರಾದರೂ ಇದ್ದಾರೆಯೇ? ನೀವು ದಾಳವನ್ನು ಕೈಗೆ ಎತ್ತಿಕೊಳ್ಳುವ ಮೊದಲೇ ಮೇಜಿನ ಸುತ್ತ ಮಾತು ನಿಲ್ಲುತ್ತದೆ. ಈ ದೃಶ್ಯವನ್ನು ನಿಮ್ಮ ಕಟ್ಟಡ ಪುಕ್ಕಟೆಯಾಗಿ ಕೊಡಬಹುದಿತ್ತು.

ಈ ತಪ್ಪು ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು. 1974ರಲ್ಲಿ ಈ ಬಗೆಯ ಆಟಗಳಿಗೆ ದಾರಿ ತೆರೆದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಬಂದಂದಿನಿಂದ ನಮ್ಮಲ್ಲಿ ಬಹುಪಾಲು ಜನ ಡಂಜನ್ನಿನ, ಎಂದರೆ ರಾಕ್ಷಸರೂ ನಿಧಿಯೂ ಅಡಗಿರುವ ನೆಲದಡಿಯ ಕೋಣೆಗಳ, ನಕ್ಷೆ ಬಿಡಿಸುತ್ತಲೇ ಈ ಕೆಲಸ ಕಲಿತವರು. ಚೌಕುಳಿ ಕಾಗದ, ಚೌಕಕ್ಕೆ ಐದು ಅಡಿ, ಕೋಣೆಯಿಂದ ಕೋಣೆಗೆ ದಾರಿ. ಡಂಜನ್ ಹೇಗಿರಬೇಕೆಂದು ಯಾವ ಆಟಗಾರನಿಗೂ ಗೊತ್ತಿಲ್ಲ, ನೀವು ಹೇಳಿದ್ದನ್ನು ಆತ ನಂಬುತ್ತಾನೆ. ಕಚೇರಿಯ ಮಾತು ಬೇರೆ. ಆತ ಬಹುಶಃ ಅಲ್ಲೇ ಕೆಲಸ ಮಾಡಿ ನೇರವಾಗಿ ನಿಮ್ಮ ಮೇಜಿಗೆ ಬಂದಿರುತ್ತಾನೆ. ಕೊಳವೆಗಳು ನೇರವಾಗಿ ಇಳಿಯಬೇಕಾದ್ದರಿಂದ ಶೌಚಾಲಯಗಳು ಒಂದರ ಮೇಲೊಂದು ಇರುತ್ತವೆ ಎನ್ನುವುದನ್ನು ಆತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಮಹಡಿಯಲ್ಲಿ ಎಡಕ್ಕೆ ಸಿಕ್ಕಿದ್ದು ಮೇಲಿನ ಮಹಡಿಯಲ್ಲೂ ಎಡಕ್ಕೇ ಸಿಗುತ್ತದೆಂದು ಅವನ ಕಾಲುಗಳಿಗೇ ಗೊತ್ತು. ನಿಮ್ಮ ಐದನೆಯ ಮಹಡಿಯಲ್ಲಿ ಶೌಚಾಲಯ ಪೂರ್ವದ ಮೂಲೆಯಲ್ಲಿದೆ, ಆರನೆಯದರಲ್ಲಿ ಪಶ್ಚಿಮಕ್ಕೆ ಹೋಗಿದೆ. ಅಲ್ಲಿಂದ ಮುಂದೆ ಆತ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ನನಗಿದನ್ನು ಕಲಿಸಿದ್ದು ಒಂದು ಪ್ರಶ್ನೆ. ಬರೆಯಲು ಆರಂಭಿಸಿದ ಹೊಸದರಲ್ಲಿ ಆಟಕ್ಕೆಂದು ಕಾಗದದ ಮೇಲೆ ಆಸ್ಪತ್ರೆಯೊಂದನ್ನು ಕಟ್ಟಿದ್ದೆ. 43 ಕೋಣೆಗಳು, ಪ್ರತಿ ಕೋಣೆಗೂ ಒಂದು ಪರಿಚ್ಛೇದ, ಪ್ರತಿ ಪರಿಚ್ಛೇದದಲ್ಲೂ ಒಂದು ರಹಸ್ಯ. ನಮ್ಮ ಗುಂಪಿನ ಹಿರಿಯ ಸಂಪಾದಕರಿಗೆ ಕೊಟ್ಟೆ. ಎರಡು ವಾರ ಕಳೆದು ಹಸ್ತಪ್ರತಿ ಮರಳಿ ಬಂದಾಗ ಎಲ್ಲ ಹಾಳೆಗಳ ಅಂಚೂ ಖಾಲಿಯಾಗಿತ್ತು. ಕೊನೆಯ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: ‘ಕಸ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ?’ ಮೂರು ದಿನ ಅವರೊಂದಿಗೆ ಮಾತನಾಡಲಿಲ್ಲ. ನಾಲ್ಕನೆಯ ದಿನ ಸಂಜೆ ಆಸ್ಪತ್ರೆಯೊಂದರ ಹಿಂಬದಿಗೆ ಹೋಗಿ, ಕತ್ತಲಾಗುವವರೆಗೂ ನಿಂತೆ. ಮಾಸಿದ ಹೊದಿಕೆಗಳ ಗಾಡಿಗಳು ಹೊರಬಂದವು. ಆಮ್ಲಜನಕದ ಸಿಲಿಂಡರುಗಳು ಒಳಗೆ ಹೋದವು. ಪಾಳಿ ಬದಲಾಗುವ ಹೊತ್ತಿಗೆ ಒಳಗಿದ್ದವರ ಮುಖಗಳೆಲ್ಲ ಬದಲಾದವು. ಕಾವಲುಗಾರ ಮುಂದೆ ನಡೆದು ಹೋಗುತ್ತಿದ್ದರೂ ಒಂದು ಬಾಗಿಲು ತೆರೆದೇ ಇತ್ತು. ಪದೇ ಪದೇ ಕಾರ್ಡ್ ಉಜ್ಜಲು ಬೇಸರವಾದ ಯಾರೋ ಅದಕ್ಕೊಂದು ಇಟ್ಟಿಗೆ ಅಡ್ಡ ಇಟ್ಟಿದ್ದರು. ಆ ಇಟ್ಟಿಗೆಯನ್ನು ನಾನು ಎಂದಿಗೂ ಕಲ್ಪಿಸಿಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ಮತ್ತೆ ಬರೆದಾಗ 43 ಕೋಣೆಗಳು ಹನ್ನೊಂದಕ್ಕೆ ಇಳಿದವು. ಉಳಿದ ಹಾಳೆಗಳಲ್ಲಿ ಆಸ್ಪತ್ರೆಯ ಒಂದು ಇಡೀ ದಿನ ಬಂದು ಕುಳಿತಿತು: ಬೆಳಗಿನ ಆರಕ್ಕೆ ಯಾವ ಬಾಗಿಲು ತೆರೆದಿರುತ್ತದೆ, ರಾತ್ರಿ ಎರಡಕ್ಕೆ ಯಾರು ಎಚ್ಚರವಿರುತ್ತಾರೆ ಎಂಬ ಲೆಕ್ಕ. ಆ ಹಿರಿಯರು ಈಗ ಇಲ್ಲ. ಯಾವ ಹಸ್ತಪ್ರತಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಅವರ ಪ್ರಶ್ನೆಗೆ ಉತ್ತರವನ್ನೇ.

ಇನ್ನು ನಡುವಿನ ವಾಕ್ಯ. ‘ಲಿಫ್ಟ್ ಕೆಟ್ಟಿದೆ.’ ಇದನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಲಿಫ್ಟ್ ಓಡಿದರೆ ಆಟಗಾರರು ನಡುವಿನ ಮಹಡಿಗಳನ್ನು ಬಿಟ್ಟು ಮೇಲಕ್ಕೆ ಹೋಗಿಬಿಡುತ್ತಾರೆ ಎಂಬ ಭಯದಿಂದ ಹುಟ್ಟಿದ ವಾಕ್ಯವದು. ಆದರೆ ಒಂಬತ್ತನೆಯ ಪುಟದಲ್ಲಿ ನೀವೇ ಬರೆಯುತ್ತೀರಿ: ‘ಹಗ್ಗ ಕತ್ತರಿಸಿದರೆ ಲಿಫ್ಟ್ ನೆಲಕ್ಕೆ ಅಪ್ಪಳಿಸುತ್ತದೆ, ಒಳಗಿರುವವರಿಗೆ ಹತ್ತು ದಾಳ ಎಸೆದು ಬಂದಷ್ಟು ಹಾನಿ.’ ಕೆಟ್ಟ ಲಿಫ್ಟಿನ ಒಳಗೆ ಯಾರಿದ್ದರು ಎಂಬುದನ್ನು ಬದಿಗಿಡೋಣ. ಲಿಫ್ಟ್ ಬೀಳದಂತೆ ತಡೆಯುವ ಸಾಧನವನ್ನು ರೂಪಿಸಿದ ಎಲಿಶಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನಲ್ಲಿ ಜನರ ಕಣ್ಣೆದುರು ತೆರೆದ ವೇದಿಕೆಯ ಮೇಲೆ ನಿಂತು, ಅದನ್ನು ಎತ್ತಿ ಹಿಡಿದಿದ್ದ ಹಗ್ಗವನ್ನು ಕತ್ತರಿಸಲು ಹೇಳಿದ. ವೇದಿಕೆ ಕೊಂಚ ಜಾರಿ ನಿಂತಿತು. ಇಂದಿನ ಲಿಫ್ಟಿಗೆ ಒಂದಲ್ಲ, ಹಲವು ಉಕ್ಕಿನ ಹಗ್ಗಗಳಿರುತ್ತವೆ. ಇಳಿಯುವ ವೇಗ ಮಿತಿ ಮೀರಿದರೆ ಲಿಫ್ಟ್ ತಾನೇ ಹಳಿಯನ್ನು ಕಚ್ಚಿ ಹಿಡಿಯುತ್ತದೆ. ಹೆದರಿಸಲೇಬೇಕೆಂದಿದ್ದರೆ ನಿಜವಾದ ಯಂತ್ರವೇ ನಿಮಗೆ ಸಹಾಯ ಮಾಡುತ್ತದೆ. ಹಗ್ಗದ ಇನ್ನೊಂದು ತುದಿಯಲ್ಲಿರುವ ಪ್ರತಿಭಾರ ಖಾಲಿ ಲಿಫ್ಟಿಗಿಂತ ಭಾರ. ಒಬ್ಬನೇ ಒಳಗಿದ್ದಾಗ ಬ್ರೇಕು ಕೈಕೊಟ್ಟರೆ ಲಿಫ್ಟ್ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಧಾವಿಸುತ್ತದೆ. ಈ ಮಾತನ್ನು ಗೇಮ್ ಮಾಸ್ಟರ್ ಮೆಲ್ಲನೆ ಹೇಳಿದಾಗ ಆಟಗಾರರ ಮುಖ ಹೇಗಾಗುತ್ತದೆಂದು ನೋಡಿ.

ಲಿಫ್ಟನ್ನು ಓಡಲು ಬಿಡಿ. ಬೆಂಕಿಯ ಗಂಟೆ ಬಾರಿಸಿದರೆ ಲಿಫ್ಟುಗಳು ಸಾಮಾನ್ಯವಾಗಿ ನೆಲಮಹಡಿಗೆ ಇಳಿದು ಬಾಗಿಲು ತೆರೆದು ನಿಂತುಬಿಡುತ್ತವೆ. ಹೊರದಾರಿಯಲ್ಲಿರುವ ಅಯಸ್ಕಾಂತದ ಬೀಗಗಳು ಸಡಿಲಗೊಳ್ಳುತ್ತವೆ. ಮೆಟ್ಟಿಲುಗಳ ತುಂಬ ಜನ ಇಳಿಯತೊಡಗುತ್ತಾರೆ. ಗೋಡೆಯ ಮೇಲಿನ ಒಂದು ಕೆಂಪು ಪೆಟ್ಟಿಗೆಯನ್ನು ಮುಟ್ಟಿ ಆಟಗಾರ ಇಡೀ ಕಟ್ಟಡವನ್ನು ಬದಲಿಸಬಲ್ಲ. ನಿಮ್ಮ ಇಪ್ಪತ್ತಾರು ಪುಟಗಳಲ್ಲಿ ಆ ಪೆಟ್ಟಿಗೆ ಎಲ್ಲೂ ಇಲ್ಲ. ಅದರ ಬದಲು ಹವಾನಿಯಂತ್ರಣದ ಕೊಳವೆಯೊಳಗೆ ತೆವಳುವ ದಾರಿ ಇದೆ. ತೆಳು ತಗಡು ಅದು, ಮನುಷ್ಯನ ಭಾರಕ್ಕೆ ಮಾಡಿದ್ದಲ್ಲ, ಮುಂದೆ ಹೋದಂತೆ ಕಿರಿದಾಗುತ್ತದೆ. ಕಳ್ಳದಾರಿ ಬೇಕಿದ್ದರೆ ಹಗುರ ಗೋಡೆಗಳನ್ನು ನೋಡಿ. ಅನೇಕ ಕಚೇರಿಗಳಲ್ಲಿ ಅವು ಫಾಲ್ಸ್ ಸೀಲಿಂಗಿನವರೆಗೆ ಮಾತ್ರ ಇರುತ್ತವೆ. ಮೇಜಿನ ಮೇಲೆ ಹತ್ತಿ ಹಲಗೆಯೊಂದನ್ನು ಸರಿಸಿದರೆ ಬೀಗ ಹಾಕಿದ ಪಕ್ಕದ ಕೋಣೆ ಗೋಡೆಯ ಆಚೆಗೇ ಇದೆ.

ಶತ್ರುಗಳ ಅಂಕಿಅಂಶ, ನಿಧಿಯ ಪಟ್ಟಿ, ಹಿನ್ನೆಲೆಯ ಕಥೆ ಇವುಗಳ ಬಗ್ಗೆ ನಾನು ಏನೂ ಬರೆದಿಲ್ಲ. ಅವನ್ನು ಆಮೇಲೆ ನೋಡೋಣ.

ಈಗಿನ ರೂಪದಲ್ಲಿ ಇದನ್ನು ಸಂಕಲನಕ್ಕೆ ತೆಗೆದುಕೊಳ್ಳಲಾರೆ. ಆದರೆ ಆ ಮಹಿಳೆಯನ್ನು ಬಿಟ್ಟುಕೊಡಲೂ ಆರೆ. ತುಂಬಿದ ಗಾಡಿಯನ್ನು ತಳ್ಳುತ್ತಾ ಆಕೆ ಏಳು ಮಹಡಿಗಳ ಮೆಟ್ಟಿಲು ಹತ್ತಿ ಬಂದಿರಲಾರಳು. ಎಲ್ಲೋ ಒಂದು ಸೇವಾ ಲಿಫ್ಟ್ ಇದೆ, ಅದು ಕೆಟ್ಟಿಲ್ಲ. ಆಕೆಯ ಗಾಡಿಯ ಗಾಲಿಗಳು ಉರುಳಿಬಂದ ಹಿಂದಿನ ಓಣಿಯೊಂದಿದೆ, ಪೊರಕೆ ಮತ್ತು ಬಕೆಟ್ಟುಗಳ ಕೋಣೆಯೊಂದಿದೆ, ಅದರ ಕೀಲಿ ಆಕೆಯ ಗೊಂಚಲಿನಲ್ಲಿದೆ. ನೀವು ಬಿಡಿಸದ ಕಟ್ಟಡವೆಲ್ಲ ಆಕೆಗೆ ಬಾಯಿಪಾಠವಾಗಿದೆ. ರಾತ್ರಿ ಆಕೆ ಕೆಲಸಕ್ಕೆ ಬರುವ ಗಳಿಗೆಯಿಂದ ಕೊನೆಯ ಕಸದ ಚೀಲವನ್ನು ಹೊರಗಿಡುವ ಗಳಿಗೆಯವರೆಗೆ ಆಕೆಯ ಹಿಂದೆಯೇ ನಡೆದು, ಕಂಡ ಬಾಗಿಲುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಗುರುತಿಸಿ ಕಳುಹಿಸಿ. ಹನ್ನೆರಡೂ ಮಹಡಿ ಬೇಡ, ಏಳನೆಯದು ಮತ್ತು ನೆಲಮಹಡಿ ಸಾಕು. ಮುಂದಿನ ತಿಂಗಳ ಕೊನೆಯವರೆಗೆ ನಿಮ್ಮ ಜಾಗವನ್ನು ಖಾಲಿ ಇಟ್ಟಿರುತ್ತೇನೆ.