ದೊಡ್ಡ ಕಂಪನಿಯ ಎದುರು ಕರಾವಳಿಯ ಸಾಮಾನ್ಯ ಜನ ಗೆದ್ದದ್ದುಂಟೇ?

ಉಂಟು, ಆದರೆ ಬರೀ ಘೋಷಣೆ ಕೂಗಿ ಅಲ್ಲ. ಕ್ಯಾಲಿಫೋರ್ನಿಯಾದ ಬೊಡೇಗಾ ಹೆಡ್ ಎಂಬ ಭೂಶಿರದಲ್ಲಿ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿ ಅಣು ವಿದ್ಯುತ್ ಸ್ಥಾವರ ಕಟ್ಟಲು ಹೊರಟಿತ್ತು. ಅದೂ ಭೂಕಂಪಕ್ಕೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಬಿರುಕಿನ ಮಗ್ಗುಲಲ್ಲೇ! 1963ರಲ್ಲಿ ಹೋರಾಟಗಾರರು ಅಲ್ಲಿಂದ ಸುಮಾರು 1500 ಹೀಲಿಯಂ ಬಲೂನುಗಳನ್ನು ಹಾರಿಬಿಟ್ಟರು. ಜೊತೆಗೆ ಚೀಟಿ: ಸ್ಥಾವರದ ವಿಕಿರಣವೂ ಹೀಗೆಯೇ ಗಾಳಿಯಲ್ಲಿ ತೇಲಿ ಬರಬಹುದೆಂಬ ಎಚ್ಚರಿಕೆ. ಹೈನುಗಾರಿಕೆಯನ್ನೇ ನಂಬಿದ್ದ ಸುತ್ತಲಿನವರಿಗೆ ವಿಕಿರಣ ಹಾಲಿಗೂ ಸೇರೀತೆಂಬ ಚಿಂತೆ ಹತ್ತಿತು. ಪ್ರಚಾರವೇನೋ ಸರಿ, ಯೋಜನೆಯನ್ನು ಕೆಡವಿದ್ದು ಮಾತ್ರ ಭೂವಿಜ್ಞಾನ. ರಿಯಾಕ್ಟರ್‌ಗೆಂದು ತೋಡಿದ ಗುಂಡಿಯಲ್ಲೇ ಭೂಸ್ತರದ ಬಿರುಕು ಪತ್ತೆಯಾಗಿ, 1964ರಲ್ಲಿ ಕಂಪನಿ ಹಿಂದೆ ಸರಿಯಿತು. ಆ ಗುಂಡಿ ಈಗ ಒಂದು ಕೊಳ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಗೆಲುವು 1972ರದ್ದು. ಒಂದೊಂದೇ ಯೋಜನೆಯ ಬೆನ್ನು ಹತ್ತಿ ಸುಸ್ತಾಗುವ ಬದಲು, ಜನ ಸಹಿ ಸಂಗ್ರಹಿಸಿ, ಕರಾವಳಿ ರಕ್ಷಣೆಯ ‘ಪ್ರಸ್ತಾಪ 20’ ಅನ್ನು ನೇರವಾಗಿ ರಾಜ್ಯದ ಮತದಾರರ ಮುಂದೆ ತಂದು ಗೆಲ್ಲಿಸಿದರು. ಅದರಿಂದ ಕಡಲಂಚಿನ ನಿರ್ಮಾಣಕ್ಕೆ ಕರಾವಳಿ ಆಯೋಗದ ಅನುಮತಿ ಬೇಕಾಯಿತು; 1976ರ ಕಾಯಿದೆ ಆ ವ್ಯವಸ್ಥೆಯನ್ನು ಕಾಯಂ ಮಾಡಿ, ತೀರಕ್ಕೆ ಹೋಗಿಬರುವ ಜನರ ಹಕ್ಕಿಗೂ ಬಲ ಕೊಟ್ಟಿತು.